ಟೆಕ್ಸಾಸಲ್ಲಿ ಮನೇಲೇ ಚಕ್ಲಿ, ಪುಡಿ ಮಾಡಿ ಮಾರ್ಬೇಕಾ? ಮೊದ್ಲು ವೀಸಾ ನೋಡ್ಕೊಳಿ

ಮನೆ ಅಡುಗೆಮನೇಲಿ ಚಕ್ಲಿ, ಕೋಡುಬಳೆ, ಸಾರಿನ ಪುಡಿ ಮಾಡಿ ಮಾರೋಕೆ ಟೆಕ್ಸಾಸಲ್ಲಿ ಲೈಸೆನ್ಸ್ ಬೇಕಾ ಅಂತ ಪ್ರತಿ ದೀಪಾವಳಿಗೂ ಯಾರಾದ್ರೂ ಕೇಳ್ತಾನೇ ಇರ್ತಾರೆ. ಬೇಡ. ಇನ್ಸ್‌ಪೆಕ್ಷನ್ನೂ ಇಲ್ಲ, ಸಿಟಿಯವ್ರು ಕೌಂಟಿಯವ್ರು ಪರ್ಮಿಟ್ಟು ಫೀಸು ಅಂತ ಕೇಳೋ ಹಾಗೂ ಇಲ್ಲ. ಇಲ್ಲಿ ಕಾಟೇಜ್ ಫುಡ್ ಕಾನೂನು, ಅಂದ್ರೆ ಮನೇಲಿ ಮಾಡಿ ಮಾರೋ ತಿಂಡಿಯ ಕಾನೂನು, ಬಂದಿದ್ದು 2011ರಲ್ಲಿ, ಆಮೇಲೆ 2013ರಲ್ಲಿ, 2019ರಲ್ಲಿ ಸಡಿಲ ಮಾಡ್ಕೊಂಡು ಬಂದ್ರು, ಈಗ 2025ರ ಸೆಪ್ಟೆಂಬರ್ 1ರಿಂದ ಎಸ್‌ಬಿ 541 ಅನ್ನೋ ತಿದ್ದುಪಡಿ ಜಾರಿಗೆ ಬಂದು ವರ್ಷಕ್ಕೆ 50 ಸಾವಿರ ಡಾಲರ್ ಇದ್ದ ಮಾರಾಟದ ಮಿತಿ ಒಂದೂವರೆ ಲಕ್ಷ ಡಾಲರ್ ಆಗಿದೆ. ಬೇರೆ ಸ್ಟೇಟಲ್ಲಿ ಇರೋರು ಇದನ್ನ ಓದ್ಕೊಂಡು ಶುರು ಹಚ್ಕೋಬೇಡಿ, ಒಂದೊಂದು ಸ್ಟೇಟಿಗೂ ಒಂದೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ ಕೌಂಟಿಲಿ ರಿಜಿಸ್ಟರ್ ಆಗ್ಬೇಕು, ಕ್ಲಾಸ್ ಎ, ಕ್ಲಾಸ್ ಬಿ ಅಂತ ಬೇರೆ ಇದೆ.

ಇಷ್ಟು ಸುಲಭನಾ ಅಂತ ಬಾಣಲೆಗೆ ಎಣ್ಣೆ ಹಾಕೋಕ್ ಮುಂಚೆ ನಿಮ್ಮ ವೀಸಾ ಯಾವ್ದು ಅಂತ ನೋಡ್ಕೊಳಿ. ನನ್ನ ಕೇಳಿದ್ರೆ ನಮ್ಮವ್ರಿಗೆ ಅಸಲಿ ಲೈಸೆನ್ಸ್ ಅಂದ್ರೆ ಇದೇ. ಸಿಟಿಜನ್, ಗ್ರೀನ್ ಕಾರ್ಡ್ ಇದ್ರೆ ತೊಂದ್ರೆ ಇಲ್ಲ. ಎಚ್-4 (ಎಚ್-1ಬಿ ಕೆಲ್ಸದ ವೀಸಾದವ್ರ ಗಂಡ ಅಥವಾ ಹೆಂಡ್ತಿಗೆ ಸಿಗೋ ವೀಸಾ) ಇದ್ದು ಇಎಡಿ ಕಾರ್ಡ್, ಅಂದ್ರೆ ಕೆಲ್ಸದ ಪರ್ಮಿಟ್, ಕೈಲಿದ್ರೆ ಸ್ವಂತ ಬಿಸಿನೆಸ್ ಮಾಡ್ಬಹುದು, ಎಲ್-1 (ಕಂಪನಿ ಟ್ರಾನ್ಸ್‌ಫರ್ ವೀಸಾ) ಅವ್ರ ಗಂಡ ಅಥವಾ ಹೆಂಡ್ತಿಗೂ ಐ-94ರಲ್ಲಿ (ಅಮೆರಿಕಕ್ಕೆ ಬಂದಾಗ ಆಗೋ ದಾಖಲೆ) ಎಲ್-2ಎಸ್ ಅಂತ ಇದ್ರೆ ಸಾಕು. ಆದ್ರೆ ಇಎಡಿ ಇಲ್ಲದ ಎಚ್-4 ಆದ್ರೆ ಆಗಲ್ಲ, ದುಡ್ಡು ಝೆಲ್ ಆ್ಯಪಲ್ಲಿ ಬಂದ್ರೂ ಕ್ಯಾಶಲ್ಲಿ ಬಂದ್ರೂ ಅದು ಕೆಲ್ಸನೇ. "ನಮ್ಮನೆಯವ್ರ ಹೆಸ್ರಲ್ಲಿ ಮಾಡಿದ್ರೆ ಆಯ್ತಲ್ಲ" ಅಂತಾರೆ, ಅವ್ರು ಎಚ್-1ಬಿ ಆದ್ರೆ ಅವ್ರೂ ಕಂಪನಿ ಕೆಲ್ಸ ಬಿಟ್ಟು ಬೇರೆ ದುಡಿಯೋ ಹಾಗಿಲ್ಲ. ಇನ್ನೊಂದು, ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಊರಿಂದ ಆರು ತಿಂಗ್ಳಿಗೆ ಬಂದಿರೋ ಅಮ್ಮನೋ ಅತ್ತೆನೋ ಬಿ-2 ವಿಸಿಟರ್ ವೀಸಾದಲ್ಲಿದ್ದಾಗ ಮಾರೋಕೆ ಅಂತ ಅವ್ರ ಕೈಲಿ ಚಕ್ಲಿ ಒತ್ತಿಸ್ಬೇಡಿ. ಮೊಮ್ಮಕ್ಕಳಿಗೆ ಮಾಡ್ಕೊಟ್ರೆ ಅದು ಬೇರೆ ಮಾತು. ಡೌಟ್ ಇದ್ರೆ ಇಮಿಗ್ರೇಷನ್ ಲಾಯರ್‌ಗೆ ಒಂದು ಸಲ ಫೀಸ್ ಕೊಟ್ಟು ಕೇಳಿ, ಗ್ರೂಪಲ್ಲಿ ಕೇಳ್ಬೇಡಿ.

ಈಗ ಏನ್ ಮಾರ್ಬಹುದು ಅಂತ. ಮುಂಚೆ ಮಾಡ್ಬಹುದಾದ್ದರ ಪಟ್ಟಿ ಇತ್ತು, ಈಗ ಉಲ್ಟಾ, ಮಾಡ್ಬಾರದ್ದರ ಪಟ್ಟಿ ಅಷ್ಟೇ: ಮಾಂಸ, ಕೋಳಿ, ಮೀನು ಸೀಗಡಿ, ಐಸ್‌ಕ್ರೀಮ್ ಥರದ್ದು, ಹುಳಿ ಇಲ್ಲದ ಡಬ್ಬಿ ಪದಾರ್ಥ, ಹಸಿ ಹಾಲು, ಸಿಬಿಡಿ (ಗಾಂಜಾ ಜಾತಿ ಗಿಡದಿಂದ ತೆಗೆಯೋದು) ಹಾಕಿದ್ದು. ಹೊರಗಿಟ್ರೂ ಕೆಡದೆ ಇರೋ ಚಕ್ಲಿ, ನಿಪ್ಪಟ್ಟು, ಶಂಕರಪೋಳಿ, ಚಟ್ನಿಪುಡಿ, ಹುಳಿಪುಡಿ ಇವೆಲ್ಲ ಎಲ್ಲೂ ರಿಜಿಸ್ಟರ್ ಮಾಡ್ದೆ ಶುರು ಮಾಡ್ಬಹುದು. ಫ್ರಿಜ್ಜಲ್ಲಿ ಇಡಲೇಬೇಕಾದ್ದು, ಅಂದ್ರೆ ದೋಸೆ ಹಿಟ್ಟು, ಪನೀರ್ ಸ್ವೀಟು, ಬಿಸಿಬೇಳೆಬಾತು, ಇವಕ್ಕೆ ಟಿಸಿಎಸ್ ಅಂತಾರೆ, ಇವನ್ನ ಮಾರ್ಬೇಕಾದ್ರೆ ಸ್ಟೇಟ್ ಹೆಲ್ತ್ ಡಿಪಾರ್ಟ್‌ಮೆಂಟು, ಡಿಎಸ್‌ಎಚ್‌ಎಸ್ ಅಂತಾರಲ್ಲ, ಅಲ್ಲಿ ರಿಜಿಸ್ಟರ್ ಮಾಡ್ಕೋಬೇಕು, ಮಾಡಿದ ತಾರೀಖು ಹಾಕ್ಬೇಕು, ಫ್ರಿಜ್ಜಲ್ಲಿಡಿ ಅನ್ನೋ ಎಚ್ಚರಿಕೆ ಸಾಲೂ ಹಾಕ್ಬೇಕು, ಅಂಗಡಿಗೆ ಕೊಡೋ ಹಾಗಿಲ್ಲ, ನೇರ ಗಿರಾಕಿಗೆ ಮಾತ್ರ. ಹೋಳಿಗೆ ಯಾವ್ದಕ್ಕೆ ಸೇರುತ್ತೆ ಅಂತ ಜಗಳ ಆಡ್ತಾರೆ, ಬೇಳೆ ಹೂರಣದಲ್ಲಿ ಪಸೆ ಇರುತ್ತಲ್ಲ, ನಾನಾದ್ರೆ ಟಿಸಿಎಸ್ ಅಂದ್ಕೊಂಡೇ ನಡ್ಕೋತೀನಿ. ಮೊದ್ಲ ವರ್ಷ ಒಣ ತಿಂಡಿ ಬಿಟ್ಟು ಬೇರೆ ಕಡೆ ಹೋಗ್ಬೇಡಿ.

ಉಪ್ಪಿನಕಾಯಿಗೆ ಇನ್ನೊಂದಿಷ್ಟು ಕೆಲ್ಸ ಇದೆ. ಪಿಎಚ್ (ಹುಳಿಯ ಅಳತೆ) 4.6 ಅಥವಾ ಅದಕ್ಕಿಂತ ಕಮ್ಮಿ ಇರ್ಬೇಕು, ಡಿಎಸ್‌ಎಚ್‌ಎಸ್ ಒಪ್ಪಿದ ರೆಸಿಪಿ ಆಗಿರ್ಬೇಕು ಇಲ್ಲಾಂದ್ರೆ ಲ್ಯಾಬಲ್ಲಿ ಟೆಸ್ಟ್ ಮಾಡಿಸ್ಬೇಕು ಅಥವಾ ಪ್ರತಿ ಬ್ಯಾಚನ್ನೂ ಪಿಎಚ್ ಮೀಟರಲ್ಲಿ ಅಳೀಬೇಕು, ಬ್ಯಾಚ್ ನಂಬರ್ ಹಾಕಿ ರೆಕಾರ್ಡ್ ಇಟ್ಕೋಬೇಕು. ಅಜ್ಜಿ ಕಾಲದ ಅಳತೆ ಅಂದ್ರೆ ಇಲ್ಲಿ ಯಾರೂ ಕೇಳಲ್ಲ.

ಶುರು ಮಾಡೋಕ್ ಮುಂಚೆ ಮಾಡ್ಬೇಕಾದ ಕೋರ್ಸ್ ಒಂದೇ, ಫುಡ್ ಹ್ಯಾಂಡ್ಲರ್ ಅಂತ, ಆನ್‌ಲೈನಲ್ಲಿ ಎರಡು ಗಂಟೆಯೊಳಗೆ ಮುಗಿಯುತ್ತೆ, ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡ್ಬೇಕು.

ಜಾಸ್ತಿ ತಲೆ ಕೆಡಿಸ್ಕೋಬೇಕಾದ್ದು ಲೇಬಲ್ ಬಗ್ಗೆ. ತಿಂಡಿ ಹೆಸ್ರು, ನಿಮ್ಮ ಬಿಸಿನೆಸ್ ಹೆಸ್ರು, ಅಡ್ರೆಸ್ (ಮನೆ ಅಡ್ರೆಸ್ ಹಾಕೋಕೆ ಇಷ್ಟ ಇಲ್ಲಾಂದ್ರೆ ಡಿಎಸ್‌ಎಚ್‌ಎಸ್‌ನಿಂದ ನಂಬರ್ ತಗೊಂಡು ಅದನ್ನ ಹಾಕ್ಬಹುದು, ಹೆಣ್ಣುಮಕ್ಕಳು ಇದನ್ನ ಖಂಡಿತ ಮಾಡಿ), ಇದು ಸರ್ಕಾರದ ಲೈಸೆನ್ಸು, ತಪಾಸಣೆ ಇಲ್ಲದ ಮನೇಲಿ ಮಾಡಿದ್ದು ಅನ್ನೋ ಸಾಲು, ಆಮೇಲೆ ಅಲರ್ಜಿ ಪದಾರ್ಥ. ಆ ಸಾಲನ್ನ ನಿಮ್ಮದೇ ಇಂಗ್ಲಿಷಲ್ಲಿ ಬರೀಬೇಡಿ, ಡಿಎಸ್‌ಎಚ್‌ಎಸ್ ವೆಬ್‌ಸೈಟಿಂದ ಅಕ್ಷರ ಅಕ್ಷರ ಕಾಪಿ ಮಾಡಿ. ಅಲರ್ಜಿಲಿ ನಮ್ಮ ಅಡುಗೆ ಸಿಕ್ಕಾಕೊಳ್ಳೋದು ಎರಡು ಕಡೆ. ಒಂದು ಎಳ್ಳು, 2023ರಿಂದ ಅಮೆರಿಕದಲ್ಲಿ ಅದು ಒಂಬತ್ತನೇ ಮುಖ್ಯ ಅಲರ್ಜಿ ಪದಾರ್ಥ, ಚಕ್ಲಿಗೆ ಒಂದು ಚಿಟಿಕೆ ಹಾಕಿದ್ರೂ ಬರೀಬೇಕು. ಇನ್ನೊಂದು ಇಂಗು. ಅಂಗಡೀಲಿ ಸಿಗೋ ಇಂಗಿನಲ್ಲಿ ಬಹಳಷ್ಟಕ್ಕೆ ಗೋಧಿ ಹಿಟ್ಟು ಸೇರಿರುತ್ತೆ, ಡಬ್ಬಿ ಹಿಂದೆ ಓದಿ ನೋಡಿ. ಅಕ್ಕಿಹಿಟ್ಟಿನ ಕೋಡುಬಳೆ ಅಂತ ಗ್ಲೂಟನ್ ಫ್ರೀ ಸ್ಟಿಕ್ಕರ್ ಅಂಟಿಸಿ ಒಳಗೆ ಈ ಇಂಗು ಹಾಕಿದ್ರೆ ಸೀಲಿಯಾಕ್ (ಗ್ಲೂಟನ್ ಆಗದ ಕಾಯಿಲೆ) ಇರೋ ಮಗು ಆಸ್ಪತ್ರೆ ಸೇರ್ಬಹುದು. ಗೋಧಿ ಇಲ್ಲದ ಇಂಗೂ ಸಿಗುತ್ತೆ, ಸ್ವಲ್ಪ ದುಬಾರಿ, ತಗೊಳಿ. ರಾಗಿ ಮಾಲ್ಟ್ ಮೇಲೆ "ಶುಗರ್ ಕಮ್ಮಿ ಆಗುತ್ತೆ" ಅಂತೆಲ್ಲ ಔಷಧಿ ಥರ ಬರೀಲೇಬೇಡಿ.

ದುಡ್ಡಿನ ವಿಷ್ಯ ಬೇಗ ಹೇಳ್ಬಿಡ್ತೀನಿ. ಖರ್ಚು ಕಳೆದು ವರ್ಷಕ್ಕೆ 400 ಡಾಲರ್ ಉಳಿದ್ರೂ ಟ್ಯಾಕ್ಸ್ ರಿಟರ್ನ್ ಜೊತೆ ಶೆಡ್ಯೂಲ್ ಸಿ ಫಾರಂ ಹಾಕಿ 15.3 ಪರ್ಸೆಂಟ್ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಕಟ್ಬೇಕಾಗುತ್ತೆ, ಅದಕ್ಕೇ ಮೊದ್ಲ ದಿನದಿಂದ ಕಾಸ್ಟ್‌ಕೋ ರಸೀದಿ ಇಟ್ಕೊಳಿ, ಬ್ಯಾಂಕ್ ಅಕೌಂಟ್ ಬೇರೆ ಮಾಡಿ. ಚಿಕ್ಕಿ ಥರದ್ದು ಇಲ್ಲಿ ಕ್ಯಾಂಡಿ ಲೆಕ್ಕ, ಸೇಲ್ಸ್ ಟ್ಯಾಕ್ಸ್ ಬೀಳುತ್ತೆ. ಮನೆ ಇನ್ಶೂರೆನ್ಸು ಸಾಮಾನ್ಯವಾಗಿ ಬಿಸಿನೆಸ್ಸಿಗೆ ಬರಲ್ಲ, ಬೇರೆ ಲಯಬಿಲಿಟಿ ಪಾಲಿಸಿ ಕೇಳಿ ನೋಡಿ. ಎಚ್‌ಒಎ (ಬಡಾವಣೆ ಮನೆಯವ್ರ ಸಂಘ) ರೂಲ್ಸು, ಅಪಾರ್ಟ್‌ಮೆಂಟ್ ಆದ್ರೆ ಲೀಸು, ಅದನ್ನೂ ಓದಿ.

ಮಾರೋದು ಟೆಕ್ಸಾಸ್ ಒಳಗೆ ಮಾತ್ರ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಸ್ಟಾಲ್ ಹಾಕಿ, ಫಾರ್ಮರ್ಸ್ ಮಾರ್ಕೆಟ್ಟಿಗೆ ಹೋಗಿ, ಆನ್‌ಲೈನ್ ಆರ್ಡರ್ ತಗೊಂಡು ನೀವೇ ಹೋಗಿ ಕೊಟ್ಟು ಬನ್ನಿ. ನ್ಯೂಜೆರ್ಸಿಲಿರೋ ಫ್ರೆಂಡ್ ಎರಡು ಕೇಜಿ ಚಟ್ನಿಪುಡಿ ಪಾರ್ಸಲ್ ಮಾಡು, ದುಡ್ಡು ಹಾಕ್ತೀನಿ ಅಂದ್ರೆ ಆಗಲ್ಲ ಅನ್ನಿ, ಇಲ್ಲಾಂದ್ರೆ ದುಡ್ಡು ತಗೊಳ್ದೆ ಸುಮ್ನೆ ಕಳ್ಸಿ.