ಕಿಡ್ನಿ ಸೋತ ಮೊಲದ ಆರೈಕೆ: ನೀರು, ಹುಲ್ಲು, ಸೂಜಿ

ಕಿಡ್ನಿ ಸೋತ ಮೊಲವನ್ನು ಬಹಳ ಸಲ ಮೊದಲು ಕೆಡವುವುದು ಅದರ ಹೊಟ್ಟೆ. ಕಿಡ್ನಿ ಹೊರಹಾಕಬೇಕಾದ ಯೂರಿಯಾ ಎಂಬ ಕಲ್ಮಶ ರಕ್ತದಲ್ಲಿ ಏರಿದಂತೆ ಹಸಿವು ಸಾಯುತ್ತದೆ. ಮೈಯ ನೀರೆಲ್ಲ ಮೂತ್ರವಾಗಿ ಹೋಗಿ ಕರುಳಿನೊಳಗಿನ ಮೇವು ಒಣಗಿ ಗಟ್ಟಿಯಾಗುತ್ತದೆ. ಮೇವು ಮುಂದೆ ಸಾಗದಿದ್ದರೆ ಕರುಳೂ ನಿಂತುಬಿಡುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಉಪವಾಸವನ್ನೂ ತಡೆಯಲಾರದು. ಹಾಗಾಗಿ ಯಾವ ಔಷಧಿ ನಡೆಯುತ್ತಿದ್ದರೂ ಬೆಳಿಗ್ಗೆ ಎದ್ದು ಮೊದಲು ನೋಡಬೇಕಾದ್ದು ಹಿಕ್ಕೆಯನ್ನು: ಎಷ್ಟಿದೆ, ಎಂದಿನ ಗಾತ್ರದಲ್ಲಿದೆಯೇ ಎಂದು. ಹಿಕ್ಕೆ ಸಣ್ಣದಾಗಿ, ಕಪ್ಪಾಗಿ, ಒಣಗಿ ಬಿದ್ದಿದ್ದರೆ ಆ ದಿನ ನೀರು ಸಾಕಾಗುತ್ತಿಲ್ಲ ಎಂದರ್ಥ.

ಗುರುತು ಮತ್ತು ಪರೀಕ್ಷೆ

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ತೂಗಿ ಬರೆದಿಡಿ. 2 ಕಿಲೋ ಮೊಲ 100 ಗ್ರಾಂ ಇಳಿದರೆ ಕೂದಲಿನಡಿ ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ಕುಡಿಯುವ ನೀರನ್ನೂ ಅಳೆಯಿರಿ. ಬೆಳಿಗ್ಗೆ 400 ಮಿಲಿ ಹಾಕಿ ಮರುದಿನ ಉಳಿದದ್ದನ್ನು ಕಳೆಯಿರಿ. ಬೇಸಿಗೆಯಲ್ಲಿ ಆವಿಯಾಗಿ ಹೋಗುವುದನ್ನು ತಿಳಿಯಲು ಅಂಥದ್ದೇ ಇನ್ನೊಂದು ಬಟ್ಟಲನ್ನು ಮೊಲಕ್ಕೆ ಸಿಗದಂತೆ ಪಕ್ಕದಲ್ಲಿಡಿ. ಆರೋಗ್ಯವಂತ ಮೊಲ ದಿನಕ್ಕೆ ಕಿಲೋಗೆ ಸುಮಾರು 50ರಿಂದ 150 ಮಿಲಿ ಕುಡಿಯುತ್ತದೆ. ಸೊಪ್ಪು ಹೆಚ್ಚು ತಿಂದರೆ ಕಡಿಮೆ, ಒಣಹುಲ್ಲು ಹೆಚ್ಚಾದರೆ ಜಾಸ್ತಿ. ನಿಮ್ಮ ಮೊಲದ ಮಾಮೂಲಿ ಲೆಕ್ಕ ಎರಡರಷ್ಟಾದರೆ ವೈದ್ಯರ ಬಳಿ ಹೋಗಿ.

ಮೂತ್ರದ ಬಣ್ಣ ಮಾತ್ರ ಮೋಸ ಮಾಡುತ್ತದೆ. ಸೊಪ್ಪಿನ ಬಣ್ಣದಿಂದಲೇ ಕೆಂಪಾಗಬಹುದು, ಆದರೂ ರಕ್ತವಲ್ಲವೆಂದು ಒಮ್ಮೆ ಪರೀಕ್ಷೆ ಮಾಡಿಸುವುದು ಲೇಸು. ಸ್ವಲ್ಪ ಬೆಳ್ಳಗೆ, ಕದಡಿದಂತಿರುವುದು ಸಹಜ. ಅದು ಹೊರಹೋಗುತ್ತಿರುವ ಕ್ಯಾಲ್ಸಿಯಂ. ದಿನವೂ ಕದಡಿದ ಮೂತ್ರ ಹಾಕುತ್ತಿದ್ದ, ಬೆಳೆದ ಮೊಲ ಇದ್ದಕ್ಕಿದ್ದಂತೆ ತಿಳಿನೀರಿನಂಥ ಮೂತ್ರ ಹಾಕತೊಡಗಿದರೆ ಹೆಚ್ಚು ಅನುಮಾನ ಪಡಬೇಕು. ಕಿಡ್ನಿ ಕ್ಯಾಲ್ಸಿಯಂ ಹೊರಹಾಕುವುದನ್ನು ಬಿಟ್ಟಿರಬಹುದು.

ರಕ್ತಪರೀಕ್ಷೆಗೆ ಮೊಲವನ್ನು ಉಪವಾಸ ಕೆಡವಬೇಡಿ. ದಾರಿಗೂ ಹುಲ್ಲು ಕಟ್ಟಿಕೊಳ್ಳಿ. ಎಷ್ಟೋ ಲ್ಯಾಬ್‌ಗಳ ವರದಿಯಲ್ಲಿ ನಾಯಿಯ ಅಳತೆಯೇ ಅಚ್ಚಾಗಿರುತ್ತದೆ. ಮೊಲದ ಕ್ಯಾಲ್ಸಿಯಂ ಸಹಜವಾಗಿಯೇ 100 ಮಿಲಿಗೆ 13–14 ಮಿಗ್ರಾಂ ಇರಬಹುದು, ಅದರ ಪಕ್ಕದ ಕೆಂಪು ಬಾಣಕ್ಕೆ ಹೆದರಬೇಕಿಲ್ಲ. ಕಿಡ್ನಿ ಹೊರಹಾಕಬೇಕಾದ ಇನ್ನೊಂದು ಕಲ್ಮಶ ಕ್ರಿಯಾಟಿನಿನ್, ಅದು 2.5 ಮಿಗ್ರಾಂ ದಾಟಿದರೆ ಗಂಭೀರ. ಆದರೆ ನೀರಿಲ್ಲದೆ ಬತ್ತಿದ ಮೊಲದಲ್ಲೂ ಅದು ಏರುತ್ತದೆ, ಹಾಗಾಗಿ ಡ್ರಿಪ್ ಕೊಟ್ಟ ಮೇಲೆ ಇನ್ನೊಮ್ಮೆ ನೋಡಿಯೇ ಕಿಡ್ನಿ ಕಾಯಿಲೆ ಎನ್ನಬೇಕು. ಮೂತ್ರದ ಸಾಂದ್ರತೆ ಮತ್ತು ಎಕ್ಸ್‌ರೇ ಜೊತೆಗಿರಲಿ. ಮೊಲದ ಮೂತ್ರದ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂನವು, ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ.

ಮೇವು

ಬೇರೆ ಬಹಳಷ್ಟು ಪ್ರಾಣಿಗಳ ಕರುಳು ಬೇಕಾದಷ್ಟೇ ಕ್ಯಾಲ್ಸಿಯಂ ಹೀರಿಕೊಳ್ಳುತ್ತದೆ. ಮೊಲದ ಕರುಳು ಮೇವಿನಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಹೀರಿ, ಮಿಕ್ಕದ್ದನ್ನು ಮೂತ್ರಕ್ಕೆ ಹಾಕುವ ಕೆಲಸವನ್ನು ಕಿಡ್ನಿಗೆ ಬಿಡುತ್ತದೆ. ಕಿಡ್ನಿ ಸೋತಾಗ ಆ ಕ್ಯಾಲ್ಸಿಯಂ ರಕ್ತದಲ್ಲೇ ಉಳಿದು ರಕ್ತನಾಳದ ಗೋಡೆಗೆ, ಕಿಡ್ನಿಗೆ ಅಂಟುತ್ತದೆ.

ಇದನ್ನು ಕೇಳಿದವರು ಮೊದಲು ಬೈಯುವುದು ಬೋರ್‌ವೆಲ್ ನೀರನ್ನು. ಲೆಕ್ಕ ಹಾಕಿ ನೋಡಿ: ಲೀಟರಿಗೆ 200 ಮಿಗ್ರಾಂ ಕ್ಯಾಲ್ಸಿಯಂ ಇರುವ ಬಲು ಗಡಸು ನೀರನ್ನು 200 ಮಿಲಿ ಕುಡಿದರೂ ಒಳಗೆ ಹೋಗುವುದು 40 ಮಿಗ್ರಾಂ. ಶೇ 1ರಷ್ಟು ಕ್ಯಾಲ್ಸಿಯಂ ಇರುವ 50 ಗ್ರಾಂ ಪೆಲೆಟ್‌ನಲ್ಲಿ (ಪುಡಿ ಮೇವನ್ನು ಒತ್ತಿ ಮಾಡಿದ ಗುಳಿಗೆ) 500 ಮಿಗ್ರಾಂ ಇರುತ್ತದೆ. ಫಿಲ್ಟರ್ ನೀರು ಕೊಟ್ಟರೆ ಕೊಡಿ, ಆದರೆ ಮೊದಲು ಪೆಲೆಟ್ ಚೀಲದ ಹಿಂಬದಿ ಓದಿ. ಮಾಂಸದ ಮೊಲ ಸಾಕುವವರಿಗಾಗಿ ಮಾಡಿದ ಪೆಲೆಟ್ ಬೇಗ ಬೆಳೆಸಲೆಂದೇ ಇರುವಂಥದ್ದು, ಈ ಮೊಲಕ್ಕೆ ಬೇಡ.

ಹುಲ್ಲು ಹೊತ್ತುಹೊತ್ತಿಗೂ ಮುಂದಿರಬೇಕು. ಟಿಮೊಥಿ ಒಣಹುಲ್ಲು ಒಳ್ಳೆಯದು. ದುಬಾರಿಯೆನಿಸಿದರೆ ರೋಡ್ಸ್ ಹುಲ್ಲು, ಒಣಗಿಸಿದ ಗರಿಕೆ ಸಾಕು. ಹಸಿ ಗರಿಕೆಯಂತೂ ಬಹಳ ಮೊಲಗಳಿಗೆ ಪ್ರಾಣ, ಕಳೆನಾಶಕ ಹೊಡೆಯದ, ನಾಯಿ ಓಡಾಡದ ಜಾಗದ್ದಾಗಿರಲಿ. ಕುದುರೆ ಮೆಂತೆ, ಅಂದರೆ ಲೂಸರ್ನ್, ಬೇಡ. ನುಗ್ಗೆ ಸೊಪ್ಪು, ಕರಿಬೇವು, ದಂಟು, ಹರಿವೆಯಲ್ಲಿ ಕ್ಯಾಲ್ಸಿಯಂ ಬಹಳ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುವ ಆಕ್ಸಲೇಟ್ ಹೆಚ್ಚು. ಲೆಟಿಸ್, ಕೊತ್ತಂಬರಿ, ಸೌತೆಕಾಯಿಯ ಸಿಪ್ಪೆ ನಡೆಯುತ್ತವೆ. ಸೊಪ್ಪನ್ನು ತೊಳೆದು ನೀರು ಕೊಡವದೆ ಹಾಗೆಯೇ ಇಟ್ಟರೆ ಅಷ್ಟು ನೀರು ಪುಕ್ಕಟೆ ಒಳಗೆ ಹೋಗುತ್ತದೆ.

ಆದರೆ ಈ ಪಟ್ಟಿಗಿಂತ ಮೇಲಿನ ನಿಯಮ ಒಂದಿದೆ. ಮೊಲ ಸೊರಗುತ್ತಿದ್ದು, ದಂಟಿನ ಸೊಪ್ಪನ್ನು ಬಿಟ್ಟು ಬೇರೇನೂ ಮುಟ್ಟದಿದ್ದರೆ ದಂಟನ್ನೇ ಕೊಡಿ. ಇಂದು ಹೊಟ್ಟೆ ನಿಲ್ಲುವುದಕ್ಕಿಂತ ಒಂದಿಷ್ಟು ಕ್ಯಾಲ್ಸಿಯಂ ವಾಸಿ. ಕ್ಯಾಲ್ಸಿಯಂ ಪೂರ್ತಿ ಕಡಿದರೆ ಮೂಳೆ, ಹಲ್ಲು ಹಾಳಾಗುತ್ತವೆ.

ನೀರಿಗೆ ಬಾಟಲಿಯ ನಳಿಗೆ ಬೇಡ, ಭಾರದ ಪಿಂಗಾಣಿ ಬಟ್ಟಲಿಡಿ. ತೆರೆದ ಬಟ್ಟಲಿನಿಂದ ಮೊಲ ಹೆಚ್ಚು ಕುಡಿಯುತ್ತದೆ. ಮಲಗುವಲ್ಲಿ ಒಂದು, ಹುಲ್ಲಿನ ಬಳಿ ಒಂದು.

ಚರ್ಮದಡಿ ಡ್ರಿಪ್

ವೈದ್ಯರು ಒಮ್ಮೆ ಕೈಹಿಡಿದು ತೋರಿಸಿದ ಮೇಲೆ ಮನೆಯಲ್ಲೇ ಕೊಡಬಹುದು. ಪ್ರಮಾಣ, ದಿನಕ್ಕೆಷ್ಟು ಸಲ ಎಂಬುದನ್ನು ರಕ್ತದ ವರದಿ ನೋಡಿ ಅವರೇ ಹೇಳಬೇಕು. 2 ಕಿಲೋ ಮೊಲಕ್ಕೆ ಒಂದು ಸಲಕ್ಕೆ 40–60 ಮಿಲಿ ಹೇಳುವುದು ಸಾಮಾನ್ಯ.

ಮೆಡಿಕಲ್ ಶಾಪಿನಲ್ಲಿ ಎನ್‌ಎಸ್ (ಬರೀ ಉಪ್ಪುನೀರು, ನಾರ್ಮಲ್ ಸಲೈನ್), ಆರ್‌ಎಲ್ (ರಿಂಗರ್ಸ್ ಲ್ಯಾಕ್ಟೇಟ್), ಡಿಎನ್‌ಎಸ್ (ಡೆಕ್ಸ್ಟ್ರೋಸ್ ಬೆರೆತ ಸಲೈನ್) ಬಾಟಲಿಗಳು ಒಂದೇ ಥರ ಕಾಣುತ್ತವೆ. ಡಿಎನ್‌ಎಸ್‌ನಲ್ಲಿ ಸಕ್ಕರೆಯಿದೆ, ಚರ್ಮದಡಿ ಕೊಡಬಾರದು. ಆರ್‌ಎಲ್‌ನಲ್ಲಿ ಸ್ವಲ್ಪ ಕ್ಯಾಲ್ಸಿಯಂ, ಪೊಟ್ಯಾಶಿಯಂ ಇರುವುದರಿಂದ ಕ್ಯಾಲ್ಸಿಯಂ ಏರಿದ ಮೊಲಕ್ಕೆ ಎನ್‌ಎಸ್ ಬರೆಯುವವರಿದ್ದಾರೆ. ಎನ್‌ಎಸ್ 100 ಮಿಲಿಯ ಸಣ್ಣ ಬಾಟಲಿಯಲ್ಲೂ ಸಿಗುತ್ತದೆ; ತೆರೆದದ್ದನ್ನು ದಿನಗಟ್ಟಲೆ ಇಟ್ಟುಕೊಳ್ಳುವ ಗೋಜಿಲ್ಲ.

1. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಡಿ. ಮಣಿಕಟ್ಟಿನ ಮೇಲೆ ಹನಿ ಬಿಟ್ಟಾಗ ಬಿಸಿಯೂ ತಣ್ಣಗೂ ಅನಿಸಬಾರದು. ಮೊಲ ಒದ್ದಾಡುವುದಕ್ಕೆ ತಣ್ಣಗಿನ ದ್ರವವೇ ಅರ್ಧ ಕಾರಣ.
2. 50 ಮಿಲಿ ಸಿರಿಂಜಿಗೆ 22 ಅಥವಾ 23 ಗೇಜಿನ ಸ್ಕಾಲ್ಪ್ ವೇನ್ ಸೆಟ್ (ಮೆದುನಳಿಕೆಯ ತುದಿಗಿರುವ ಸಣ್ಣ ಸೂಜಿ) ಸಿಕ್ಕಿಸಿ. ಮೊಲ ಅಲುಗಿದರೂ ಮೆದುನಳಿಕೆ ಬಳುಕುತ್ತದೆ, ಸೂಜಿ ಕಿತ್ತು ಬರುವುದಿಲ್ಲ. ಗಾಳಿ ಹೊರಡಿಸಿ.
3. ಜಾರದ ಟವೆಲ್ ಮೇಲೆ ಕೂರಿಸಿ, ಮುಖ ನಿಮ್ಮ ಮೊಣಕೈ ಕಡೆಗಿರಲಿ. ಹೆಗಲುಗಳ ನಡುವಿನ ಚರ್ಮವನ್ನು ಗುಡಾರದಂತೆ ಎತ್ತಿ, ಬುಡದಲ್ಲಿ ಬೆನ್ನಿಗೆ ಸಮಾನಾಂತರವಾಗಿ ಚುಚ್ಚಿ.
4. ಪಿಸ್ಟನ್ ಸ್ವಲ್ಪ ಹಿಂದೆಳೆಯಿರಿ. ರಕ್ತ ಬಂದರೆ ತೆಗೆದು ಹೊಸ ಸೂಜಿಯಿಂದ ಬೇರೆಡೆ ಚುಚ್ಚಿ. ಕೂದಲು ಒದ್ದೆಯಾದರೆ ಸೂಜಿ ಆಚೆ ತೂರಿದೆ.
5. ನಿಧಾನ ಒತ್ತಿ. ಒಂದು ಜಾಗಕ್ಕೆ 30 ಮಿಲಿ ಸಾಕು, ಮಿಕ್ಕದ್ದು ಪಕ್ಕೆಯ ಮೇಲೆ. ಸೂಜಿ ತೆಗೆದು ಒಂದು ನಿಮಿಷ ಬೆರಳಿನಿಂದ ಅದುಮಿ ಹಿಡಿಯಿರಿ.

ದ್ರವ ತುಂಬಿ ಚರ್ಮದಡಿ ಎದ್ದ ಗುಳ್ಳೆ ಮುಂಗಾಲಿನ ಕಡೆ ಇಳಿದು ಕೆಲವು ಗಂಟೆಗಳಲ್ಲಿ ಕರಗುತ್ತದೆ. ಮುಂದಿನ ಸರದಿ ಬಂದರೂ ಹಾಗೇ ಇದ್ದರೆ ಮತ್ತೆ ತುಂಬಬೇಡಿ, ವೈದ್ಯರಿಗೆ ಫೋನ್ ಮಾಡಿ. ಉಸಿರು ಏದುಸಿರಾದರೆ ಕೂಡಲೇ ಹೊರಡಿ. ಹೃದಯ ದುರ್ಬಲವಿದ್ದರೆ ದ್ರವ ಶ್ವಾಸಕೋಶಕ್ಕೆ ಹೋಗಬಹುದು.

ತಿನ್ನದಿದ್ದಾಗ

ಪೆಲೆಟ್ ಪುಡಿಮಾಡಿ ಬೆಚ್ಚಗಿನ ನೀರಿನಲ್ಲಿ ನೆನೆಸಿ ಗಂಜಿಯಷ್ಟು ತೆಳುಮಾಡಿ. ಕಿಲೋಗೆ 10–15 ಮಿಲಿಯಂತೆ ದಿನಕ್ಕೆ ನಾಲ್ಕೈದು ಸಲ. ಮುಂದಿನ ಹಲ್ಲುಗಳ ಪಕ್ಕದ ಸಂದಿಯಿಂದ ಸಿರಿಂಜ್ ತೂರಿಸಿ ಒಂದೊಂದು ಮಿಲಿ ಬಿಡಿ, ಜಗಿದು ನುಂಗಿದ ಮೇಲೆ ಮುಂದಿನದು. ಅಂಗಾತ ಮಲಗಿಸಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ನಗಾರಿಯಂತೆ ಉಬ್ಬಿದ್ದರೆ ಏನನ್ನೂ ತುರುಕಬೇಡಿ. ಅದಕ್ಕೆ ಆಸ್ಪತ್ರೆಯೇ ಬೇಕು. 12 ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೂ ಅಷ್ಟೇ, ಬೆಳಗಾಗಲಿ ಎಂದು ಕಾಯಬೇಡಿ.

ಔಷಧಿ

ಮೊಲದ ಕಿಡ್ನಿ ಕೆಡಿಸುವುದರಲ್ಲಿ ಎನ್ಸೆಫಲಿಟೊಜೂನ್ ಕ್ಯುನಿಕುಲಿ ಎಂಬ ಸೂಕ್ಷ್ಮಜೀವಿಯ ಪಾಲು ದೊಡ್ಡದು. ಅದಕ್ಕೆ ಫೆನ್‌ಬೆಂಡಜೋಲ್ ದಿನಕ್ಕೊಮ್ಮೆ ಕಿಲೋಗೆ 20 ಮಿಗ್ರಾಂನಂತೆ 28 ದಿನ ಬರೆಯುತ್ತಾರೆ. ಎಡವುವುದು ಬಾಟಲಿಯಲ್ಲಿ: ಶೇ 10ರ ದ್ರಾವಣದಲ್ಲಿ 2 ಕಿಲೋ ಮೊಲಕ್ಕೆ 0.4 ಮಿಲಿ, ಶೇ 2.5ರದ್ದಾದರೆ 1.6 ಮಿಲಿ. ಅದಲುಬದಲಾದರೆ ನಾಲ್ಕು ಪಟ್ಟು ಹೆಚ್ಚೋ ಕಾಲುಭಾಗವೋ ಆಗುತ್ತದೆ, ಹೆಚ್ಚಾದರೆ ಮೂಳೆಮಜ್ಜೆಗೆ ಪೆಟ್ಟು. ಈ ರೋಗ ಮೂತ್ರದಿಂದ ಹರಡುವುದರಿಂದ ಜೊತೆಯ ಮೊಲಕ್ಕೂ ಔಷಧಿ ಬೇಕೇ ಎಂದು ಕೇಳಿ. ಆದರೆ ಜೋಡಿಯನ್ನು ಬೇರ್ಪಡಿಸಿದರೆ ಕಾಯಿಲೆಯದ್ದು ತಿನ್ನುವುದನ್ನೇ ಬಿಡಬಹುದು.

ನೋವಿಗೆ ಮೆಲಾಕ್ಸಿಕಾಂ ಮೊಲಕ್ಕೆ ರೂಢಿಯದ್ದೇ, ಆದರೂ ಕಿಡ್ನಿ ಸೋತಾಗ, ಅದರಲ್ಲೂ ಮೈ ಬತ್ತಿದಾಗ, ಹಳೆಯ ಚೀಟಿ ನೋಡಿ ಹಾಕಬೇಡಿ. ಆಂಟಿಬಯಾಟಿಕ್‌ಗಳಲ್ಲಿ ಜೆಂಟಾಮೈಸಿನ್ ಕಿಡ್ನಿಗೇ ವಿಷ. ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಕರುಳು ಕೆಟ್ಟು ಮೊಲ ಸಾಯಬಹುದು.

ಹಿಂಭಾಗದ ಶುಚಿ

ಮೂತ್ರ ಹೆಚ್ಚಿದಂತೆ ತೊಡೆಯ ಕೂದಲು ನೆನೆದು ಚರ್ಮ ಸುಡುತ್ತದೆ. ಒದ್ದೆಯಾದ ಕಡೆ ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ; ಇಡೀ ಮೈಗೆ ಸ್ನಾನ ಬೇಡ. ಸತುವಿನ ಮುಲಾಮು ಹಚ್ಚಬೇಡಿ, ನೆಕ್ಕುತ್ತದೆ. ಕೆಳಗೆ ಹಾಸಿದ ಹಳೆ ಟವೆಲನ್ನು ದಿನಕ್ಕೆ ಎರಡು ಸಲ ಬದಲಿಸಿ. ಮಳೆಗಾಲದಲ್ಲಿ ಬಾಲದಡಿ ಬೆಳಿಗ್ಗೆ, ಸಂಜೆ ನೋಡಲೇಬೇಕು. ನೊಣದ ಮೊಟ್ಟೆ ಒಂದೇ ದಿನದಲ್ಲಿ ಒಡೆದು ಹುಳ ಬೀಳುತ್ತದೆ. ನೊಣ ತಡೆಯಲೆಂದು ನಾಯಿಗೆ ಹಾಕುವ ಫಿಪ್ರೊನಿಲ್ ಹನಿ ಹಾಕಿದರೆ ಮೊಲವೇ ಹೋಗಬಹುದು, ಸೊಳ್ಳೆಪರದೆ ಕಟ್ಟಿ.

ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ಕಲಬುರಗಿ ಕಡೆಯವರು ಐಸ್ ಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಬೇಕು, ಕಿವಿಗೆ ಒದ್ದೆ ಕೈ ಸವರಬೇಕು. 30 ಡಿಗ್ರಿ ದಾಟಿದರೆ ಗಟ್ಟಿ ಮೊಲಕ್ಕೇ ಕಷ್ಟ.

ಹಾಳಾದ ಕಿಡ್ನಿ ಮರಳಿ ಬರುವುದಿಲ್ಲ. ಈ ಆರೈಕೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮೊಲ ಚೆನ್ನಾಗಿಯೇ ಇರಬಹುದು. ಡ್ರಿಪ್ ಕೊಟ್ಟರೂ ಏಳೆಂಟು ದಿನ ತಾನಾಗಿ ತಿನ್ನದಿದ್ದರೆ, ಮೂಲೆಯಲ್ಲಿ ಕುಗ್ಗಿ ಕೂತು ಹಲ್ಲು ಕಡಿಯುತ್ತಿದ್ದರೆ, ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟಿದ್ದರೆ, ದಯಾಮರಣದ ಮಾತನ್ನು ವೈದ್ಯರ ಬಳಿ ನೀವೇ ಎತ್ತಿ. ಜೋಡಿ ಮೊಲವಿದ್ದರೆ ಆಮೇಲೆ ಸ್ವಲ್ಪ ಹೊತ್ತು ದೇಹದ ಬಳಿ ಬಿಡಿ. ಮೂಸಿ, ನೋಡಿ, ದೂರ ಸರಿದ ಮೇಲೆ ಎತ್ತಿಕೊಳ್ಳಿ.