ಮಳೆಗಾಲದಲ್ಲಿ ವಾರ್ಡ್ ಕ್ಲೀನ್ ಮಾಡೋದು ಹೆಂಗೆ

ಜೂನ್ ಬಂತಂದ್ರೆ ಕಾರವಾರ, ಅಂಕೋಲಾ, ಕುಮಟಾ ಕಡೆ ಆಸ್ಪತ್ರೆ ವಾರ್ಡಿನ ನೆಲ ಒಣಗೋದೇ ಇಲ್ಲ, ಪೇಷಂಟ್ ಕಡೆಯವ್ರು ನೀರು ಸೋರೋ ಕೊಡೆ, ಕೆಸರು ಚಪ್ಪಲಿ ಸಮೇತ ಒಳಗೆ ಬರ್ತಾರೆ, ಒದ್ದೆ ಟವೆಲ್ ಮಂಚದ ಕಂಬಿಗೇ ಹಾಕ್ತಾರೆ. ಫಿನಾಯಿಲ್ ಜಾಸ್ತಿ ಹಾಕಿದ್ರೆ ಆಯ್ತು ಅಂತ ಸುಮಾರು ಜನ ತಿಳ್ಕೊಂಡಿದಾರೆ, ಆದ್ರೆ ಘಮ ಬಂದ ಮಾತ್ರಕ್ಕೆ ರೋಗಾಣು ಸತ್ತಿದೆ ಅಂತಲ್ಲ. ಮಳೆಗಾಲದಲ್ಲಿ ಮೊದಲು ನೋಡ್ಬೇಕಾದ್ದು ಮಾಪ್.

ಒದ್ದೆ ಮಾಪನ್ನ ರಾತ್ರಿಯಿಡೀ ಬಕೆಟ್ಟಲ್ಲೇ ಬಿಟ್ರೆ ಅದ್ರಲ್ಲಿ ಸ್ಯೂಡೋಮೊನಾಸ್ ಥರದ ಬ್ಯಾಕ್ಟೀರಿಯಾ ಬೆಳೀತವೆ, ಬೆಳಿಗ್ಗೆ ಅದ್ರಲ್ಲೇ ಒರೆಸಿದ್ರೆ ವಾರ್ಡ್ ತುಂಬ ನಾವೇ ಹಚ್ಚಿದಂಗೆ. ಕೆಲಸ ಮುಗಿದ ಮೇಲೆ ಬಿಸಿನೀರು ಸೋಪಲ್ಲಿ ತೊಳೀರಿ, ಹಿಂಡಿ, ಬಟ್ಟೆ ಭಾಗ ಮೇಲೆ ಬರೋ ಹಂಗೆ ನೇತು ಹಾಕಿ ಫ್ಯಾನ್ ಹಚ್ಚಿಡಿ. ನಮ್ಮಲ್ಲಿ ಬಿಸಿಲು ನಂಬೋ ಹಂಗಿಲ್ಲ, ಹಾಗಾಗಿ ಎಕ್ಸ್ಟ್ರಾ ಸೆಟ್ ಇಟ್ಕೊಳ್ಳಲೇಬೇಕು. ಟಾಯ್ಲೆಟ್ ಮಾಪ್ ಬೇರೆ ಬಣ್ಣದ್ದು, ಅದು ವಾರ್ಡಿಗೆ ಬರಲೇಬಾರ್ದು.

ಎರಡನೇದು ಬ್ಲೀಚಿಂಗ್ ಪೌಡರ್. ಹೊಸ ಪೌಡರಲ್ಲಿ ಕ್ಲೋರಿನ್ 30-33% ಇರತ್ತೆ, ಆದ್ರೆ ನಮ್ಮ ಕಡಲ ಹವಾಕ್ಕೆ ಚೀಲ ತೆರೆದಿಟ್ರೆ ತೇವ ಹಿಡ್ದು ಗಂಟಾಗಿ ಶಕ್ತಿ ಹೋಗತ್ತೆ. ಮುಚ್ಚಳ ಬಿಗಿಯಾದ ಡಬ್ಬಿ ಬೇಕು, ಇಲ್ಲಾಂದ್ರೆ ಹೈಪೋಕ್ಲೋರೈಟ್ (ದ್ರವ ರೂಪದ ಬ್ಲೀಚ್, ‘ಹೈಪೋ’ ಅಂತೀವಿ) ಕ್ಯಾನ್ ತಗೊಳ್ಳಿ. ಲೇಬಲ್ ಮೇಲೆ 5% ಇದ್ರೆ ಒಂದು ಲೀಟರಿಗೆ 4 ಲೀಟರ್ ತಣ್ಣೀರು, ಅದು 1% ಆಯ್ತು. ದಿನಾ ಹೊಸದಾಗಿ ಕಲಸಿ. ಫಿನಾಯಿಲ್ ಜೊತೆ ಸೇರಿಸ್ಬೇಡಿ, ಟಾಯ್ಲೆಟ್ ಆಸಿಡ್ ಜೊತೆಗಂತೂ ಬೇಡವೇ ಬೇಡ, ವಿಷದ ಗ್ಯಾಸ್ ಬರತ್ತೆ.

ಒರೆಸೋವಾಗ ಮೊದಲು ಸೋಪ್ ನೀರು, ಆಮೇಲೆ ರೋಗಾಣು ಕೊಲ್ಲೋ ಔಷಧಿ, ಅಂದ್ರೆ ಹೈಪೋ. ಕೊಳೆ ಮೇಲೇನೇ ಹೈಪೋ ಹಾಕಿದ್ರೆ ಅದು ಕೊಳೆಗೇ ಖರ್ಚಾಗಿ ಹೋಗತ್ತೆ. ಮೇಲಿಂದ ಕೆಳಗೆ, ಸ್ವಚ್ಛ ಇರೋ ಕಡೆಯಿಂದ ಗಲೀಜು ಕಡೆಗೆ, ಒಣ ಕಸಬರಿಗೆ ವಾರ್ಡಲ್ಲಿ ಬೇಡ. ನೆಲಕ್ಕಿಂತ ಜಾಸ್ತಿ ಗಮನ ಕೈ ತಾಗೋ ಜಾಗಕ್ಕೆ ಕೊಡಿ: ಮಂಚದ ಕಂಬಿ, ಡ್ರಿಪ್ ಸ್ಟ್ಯಾಂಡ್, ಸ್ವಿಚ್, ನಲ್ಲಿ, ಬಾಗಿಲ ಹಿಡಿಕೆ. ಸ್ಟ್ಯಾಫಿಲೊಕಾಕಸ್ ಥರದ ಬ್ಯಾಕ್ಟೀರಿಯಾ ಒಣ ಜಾಗದಲ್ಲೂ ವಾರಗಟ್ಟಲೆ ಬದುಕ್ತವೆ. ಒಂದು ಬೆಡ್ಡಿಗೆ ಒರೆಸಿದ ಬಟ್ಟೆ ಇನ್ನೊಂದಕ್ಕೆ ಬೇಡ, ಇಲ್ಲಿ 0.1% ಹೈಪೋ ಸಾಕು, ಕಬ್ಬಿಣ ಇದ್ರೆ ಹತ್ತು ನಿಮಿಷದ ಮೇಲೆ ನೀರಲ್ಲಿ ಒರೆಸಿ, ಮೊದಲೇ ಉಪ್ಪು ಗಾಳಿಗೆ ತುಕ್ಕು ಹಿಡಿಯೋ ಊರು, ತುಕ್ಕು ಹಿಡಿದ ಕಂಬಿ ಸರಿಯಾಗಿ ಕ್ಲೀನೇ ಆಗಲ್ಲ.

ರಕ್ತ ಚೆಲ್ಲಿದ್ರೆ ಮಾಪ್ ತರಬೇಡಿ. ಗ್ಲೌಸ್ ಹಾಕಿ, ಗಾಜು ಚೂರಿದ್ರೆ ಚಿಮಟದಲ್ಲಿ ತೆಗೀರಿ, ಹತ್ತಿ ಇಲ್ಲಾ ಹಳೇ ಬಟ್ಟೆ ಮುಚ್ಚಿ 1% ಹೈಪೋ ಅಂಚಿಂದ ಒಳಗೆ ಹೊಯ್ರಿ, ಹತ್ತು ನಿಮಿಷಕ್ಕಿಂತ ಮೊದಲು ಮುಟ್ಬೇಡಿ. ಆ ಬಟ್ಟೆ ಹಳದಿ ಚೀಲಕ್ಕೆ, ಗಾಜು ನೀಲಿ ಡಬ್ಬಕ್ಕೆ, ಸೂಜಿ ಬಿಳಿ ಡಬ್ಬಕ್ಕೆ, ಇದು 2016ರ ಬಯೋಮೆಡಿಕಲ್ ವೇಸ್ಟ್ ರೂಲ್ಸಲ್ಲೇ ಇದೆ.

ಗ್ಲೌಸ್ ಬಿಚ್ಚಿದ ಮೇಲೂ ಸೋಪಲ್ಲಿ ಕೈ ತೊಳೀಬೇಕು. ಈ ಕೆಲಸ ಮಾಡೋ ಅಕ್ಕಂದಿರು ಬರಿಗಾಲಲ್ಲಿ, ಹರಿದ ಗ್ಲೌಸಲ್ಲಿ ಇರೋದು ನೋಡಿದ್ರೆ ಸಂಕಟ ಆಗತ್ತೆ. ಅವ್ರಿಗೆ ಗಮ್ ಬೂಟು, ದಪ್ಪ ರಬ್ಬರ್ ಗ್ಲೌಸ್ ಕೊಡ್ಸಿ, ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದ್ಯಾ ಕೇಳಿ, ಆಗಿಲ್ಲಾಂದ್ರೆ ಈ ವಾರವೇ ಶುರು ಮಾಡ್ಸಿ.