ಮೂರು ಮನೆ ಸೇರ್ಕೊಂಡು ಒಂದೇ ಟೆರೇಸ್ ಮೇಲೆ ವರ್ಷದ ಸಂಡಿಗೆ ಹಾಕೋದು ಹೇಗೆ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಯ್ತು ಅಂದ್ಮೇಲೆ ನಮ್ಮ ಮೈಸೂರಲ್ಲಿ ಬಿಸಿಲು ಏರೋಕೆ ಶುರು, ಅಲ್ಲಿಂದ ಯುಗಾದಿ ಆಗಿ ಒಂದು ವಾರದ ತನಕ ಸಂಡಿಗೆಗೆ ಬಹಳ ಒಳ್ಳೆ ಟೈಮು. ಏಪ್ರಿಲ್ 14ರ ಹೊತ್ತಿಗೆ ಅಶ್ವಿನಿ ಮಳೆ ಹುಟ್ಟುತ್ತೆ, 27ರ ಹೊತ್ತಿಗೆ ಭರಣಿ. ಭರಣಿ ಬಂದ್ರೆ ಧರಣಿ ಬದುಕ್ತು ಅಂತ ಮಂಡ್ಯ ಕಡೆ ನಮ್ಮ ತವರುಮನೇಲಿ ಎಲ್ರಿಗೂ ಖುಷಿ, ಆದ್ರೆ ಟೆರೇಸ್ ಮೇಲೆ ಸಂಡಿಗೆ ಇದ್ರೆ ಸಾಯಂಕಾಲ ಆಯ್ತು ಅಂದ್ರೆ ಚಾಮುಂಡಿ ಬೆಟ್ಟದ ಕಡೆ ಮೋಡ ನೋಡ್ಕೊಂಡೇ ಕೂತಿರ್ಬೇಕಾಗುತ್ತೆ. ಅದಕ್ಕೇ ಮಾರ್ಚ್ ತಿಂಗಳಲ್ಲೇ ಮುಗಿಸಿ ಅಂತೀನಿ.

ಸುಮಾರು ಜನ "ನಮ್ಮಮ್ಮ ಹಾಕ್ತಿದ್ರು ಕಣ್ರೀ, ನಮ್ಮ ಕೈಲಿ ಎಲ್ಲಾಗುತ್ತೆ" ಅಂತ ಬಿಟ್ಟೇಬಿಟ್ಟಿದಾರೆ. ಆಗದೇ ಇರೋದು ಒಬ್ಬರೇ ಮಾಡೋಕೆ ಹೋಗೋದ್ರಿಂದ. ಸಂಡಿಗೆ ಹಿಟ್ಟು ಬಿಸಿ ಇರೋ ತನಕ ಮಾತ್ರ ಚಕ್ಕುಲಿ ಒರಳಿಂದ ಸಲೀಸಾಗಿ ಇಳಿಯುತ್ತೆ, ಆರಿದ್ರೆ ಗಟ್ಟಿಯಾಗಿ ಭುಜ ಬಿದ್ದುಹೋಗುತ್ತೆ, ಒಲೆ ಹತ್ರ ಒಬ್ಬರು ಕೈಯಾಡಿಸ್ತಾ ಇರ್ಬೇಕು, ಒಬ್ಬರು ಮಹಡಿಗೆ ಸಾಗಿಸ್ಬೇಕು, ಇಬ್ಬರು ಒತ್ತಬೇಕು, ಅದೂ ಬಿಸಿಲು ನೆತ್ತಿಗೆ ಬರೋದ್ರೊಳಗೆ. ಈ ಕೆಲಸಾನೇ ನಾಲ್ಕು ಜನರ ಕೈ ಕೇಳುತ್ತೆ. ನಾವು ಕುವೆಂಪುನಗರದಲ್ಲಿ ಮೂರು ಮನೆಯವರು ಸೇರಿ ಹಾಕ್ತೀವಿ, ನಮ್ಮ ಮನೆ, ಎದುರುಮನೆ ಅಜ್ಜಿ, ಮೇಲಿನ ಮನೇಲಿ ಬಾಡಿಗೆಗೆ ಬಂದಿರೋ ಗಂಡ ಹೆಂಡತಿ. ಆ ಹುಡುಗಿ ಬಂದು ಎಂಟು ತಿಂಗಳಾದ್ರೂ ಮೆಟ್ಟಲಲ್ಲಿ ಸಿಕ್ಕಾಗ ಒಂದು ನಗು ಬಿಟ್ರೆ ಮಾತಿರ್ಲಿಲ್ಲ, ಸಂಡಿಗೆ ದಿನ ಬೆಳಗ್ಗೆ ಆರಕ್ಕೆ ನೈಟಿ ಮೇಲೆ ಟವಲ್ ಹಾಕ್ಕೊಂಡು ಬಂದು "ಆಂಟಿ ನಾನೇನ್ಮಾಡ್ಲಿ" ಅಂದ್ಲು ನೋಡಿ, ಆವತ್ತಿಂದ ಅವಳು ನಮ್ಮನೆ ಮಗಳೇ.

ಮೊದಲು ಮಾತಾಡ್ಕೊಬೇಕಾದ್ದು. ಯಾರು ಏನು ತರೋದು ಅನ್ನೋದು ಒಂದು ವಾರ ಮುಂಚೆನೇ ತೀರ್ಮಾನ ಆಗ್ಲಿ, ಇಲ್ಲಾಂದ್ರೆ ಆಮೇಲೆ ಮನಸ್ಸು ಕಹಿಯಾಗುತ್ತೆ. ನಮ್ಮಲ್ಲಿ ಮನೆಗೆ ಒಂದೊಂದು ಸೇರು ಅಕ್ಕಿ, ದಬರಿ ಮತ್ತೆ ಒರಳು ಅಜ್ಜೀದು, ಗ್ಯಾಸ್ ನಮ್ಮದು, ಮೆಣಸಿನಕಾಯಿ ನಿಂಬೆಹಣ್ಣು ಜೀರಿಗೆ ಇಂಗು ಮೇಲಿನ ಮನೆಯವರದ್ದು. ಟೆರೇಸ್ ಬಗ್ಗೆ ಓನರ್ ಹತ್ರ ಮೊದಲೇ ಒಂದು ಮಾತು ಕೇಳ್ಬಿಡಿ. ಮಡಿ ಮೈಲಿಗೆ ಅಂತ ಇಟ್ಕೊಬೇಡಿ, ಕೈ ಕಾಲು ಚೆನ್ನಾಗಿ ತೊಳ್ಕೊಂಡು ಬಂದ್ರೆ ಸಾಕು, ಯಾರು ಬೇಕಾದ್ರೂ ಒತ್ಲಿ. ಯಾರಾದ್ರೂ ಈರುಳ್ಳಿ ತಿನ್ನದೋರು ಇದ್ರೆ ಈರುಳ್ಳಿ ಸಂಡಿಗೆ ಕೊನೇ ದಿನ ಬೇರೆ ಬಟ್ಟೆ ಮೇಲೆ ಹಾಕಿ, ಮುಗೀತು.

ಅಕ್ಕಿ ವಿಷಯ. ಸಣ್ಣಕ್ಕಿ, ಸೋನಾ ಮಸೂರಿ ಬೇಕಾಗಿಲ್ಲ, ದಪ್ಪಕ್ಕಿನೇ ಸಾಕು, ರೇಷನ್ ಅಕ್ಕಿಲಿ ಬಹಳ ಚೆನ್ನಾಗಿ ಬರುತ್ತೆ. 2013ರಲ್ಲಿ ಅನ್ನಭಾಗ್ಯ ಶುರುವಾದ್ಮೇಲೆ ಅಜ್ಜಿ ಮನೇಲಿ ತಿಂಗಳ ಕೊನೆಗೆ ಒಂದಿಷ್ಟು ಅಕ್ಕಿ ಉಳಿಯೋಕೆ ಶುರುವಾಯ್ತಂತೆ, ಒಬ್ಬರೇ ಇರೋದಲ್ವಾ, ಅದನ್ನ ಮಾರೋಕೆ ಮನಸ್ಸು ಬರದೆ ಸಂಡಿಗೆಗೆ ಎತ್ತಿಡ್ತಾರೆ. ಅಕ್ಕಿ ಹಳೇದಾಗಿರ್ಲಿ. ಚೆನ್ನಾಗಿ ತೊಳೆದು ಮೂರು ದಿನ ನೆನೆಸ್ಬೇಕು, ದಿನಾ ಬೆಳಗ್ಗೆ ನೀರು ಬದಲಾಯಿಸ್ಬೇಕು, ಮೂರನೇ ದಿನ ಸ್ವಲ್ಪ ಹುಳಿ ವಾಸನೆ ಬರುತ್ತೆ, ಗಾಬರಿ ಬೇಡ, ಅದರಿಂದಾನೇ ಸಂಡಿಗೆ ಹಗುರ ಆಗಿ ಅರಳೋದು. ಚೆಲ್ಲೋ ನೀರನ್ನ ಕರಿಬೇವಿನ ಗಿಡಕ್ಕೆ ಹಾಕಿ. ರುಬ್ಬೋದು ಹಿಂದಿನ ದಿನ ಸಾಯಂಕಾಲಾನೇ ಆಗ್ಲಿ, ಎರಡು ಬೆರಳ ಮಧ್ಯೆ ಉಜ್ಜಿದ್ರೆ ಒಂಚೂರೂ ತರಿ ಸಿಗಬಾರದು.

ಅಳತೆ ಹೇಳ್ತೀನಿ ಬರ್ಕೊಳ್ಳಿ. ಒಂದು ಸೇರು ಅಂದ್ರೆ ನಾಲ್ಕು ಪಾವು ಅಕ್ಕಿ. ಒತ್ತೋ ಸಂಡಿಗೆಗೆ ಒಂದಕ್ಕೆ ನಾಲ್ಕು ನೀರು, ಅಂದ್ರೆ ರುಬ್ಬೋಕೆ ಹಾಕಿದ್ದೂ ಸೇರಿ ಹದಿನಾರು ಪಾವು. ಚಮಚದಲ್ಲಿ ಹುಯ್ಯೋ ಹನಿ ಸಂಡಿಗೆಗೆ ಒಂದಕ್ಕೆ ಆರು. ಹದಿನೈದು ಹಸಿಮೆಣಸಿನಕಾಯಿ ಇಂಗಿನ ಜೊತೆ ನುಣ್ಣಗೆ ಅರೆದಿದ್ದು, ಎರಡು ದೊಡ್ಡ ಚಮಚ ಜೀರಿಗೆ, ಎರಡು ನಿಂಬೆಹಣ್ಣು. ಉಪ್ಪು ನಾಲ್ಕು ಚಿಕ್ಕ ಚಮಚದ ಮೇಲೆ ಬೇಡ, ಹಿಟ್ಟು ಬಾಯಿಗೆ ಹಾಕ್ಕೊಂಡಾಗ ಉಪ್ಪು ಸ್ವಲ್ಪ ಕಮ್ಮಿ ಅನ್ನಿಸ್ಬೇಕು, ನೀರೆಲ್ಲ ಆರಿದ್ಮೇಲೆ ಉಪ್ಪು ಹಾಗೇ ಉಳ್ಕೊಳುತ್ತಲ್ಲ, ಕರಿದಾಗ ಎದ್ದು ಹೊಡೆಯುತ್ತೆ. ಮನೇಲಿ ಬಿಪಿ ಇರೋರಿಗೆ ಒಂದು ಪಾಲಿಗೆ ಇನ್ನೂ ಕಮ್ಮಿ ಹಾಕಿ ಬೇರೆ ಒತ್ತಿ.

ಒಂದು ಸಲಕ್ಕೆ ಒಂದು ಸೇರಿನ ಹಿಟ್ಟು ಮಾತ್ರ ಬೇಯಿಸಿ. ಮೊದಲನೇ ವರ್ಷ ನಾವು ಕೆಲಸ ಬೇಗ ಆಗ್ಲಿ ಅಂತ ಮೂರು ಸೇರಿನ ಹಿಟ್ಟೂ ಒಂದೇ ದಬರಿಗೆ ಹಾಕಿದ್ವಿ, ಕೈ ತಿರುಗ್ಲಿಲ್ಲ, ತಳ ಹಿಡಿದು ಸೀದು ಹೋಯ್ತು, ಮೇಲಿನ ಹಿಟ್ಟು ಬೆಳ್ಳಗೇ ಇದ್ರೂ ಸೀದ ವಾಸನೆ ವರ್ಷ ಪೂರ್ತಿ ಮೂರು ಮನೆ ಸಂಡಿಗೇಲೂ ಇತ್ತು. ನೀರು ಮಳ್ಳೋಕೆ ಬಂದಾಗ ಉಪ್ಪು ಮೆಣಸಿನಕಾಯಿ ಹಾಕಿ, ಉರಿ ಸಣ್ಣ ಮಾಡಿ, ಒಬ್ಬರು ಹಿಟ್ಟು ಸಣ್ಣ ಧಾರೆಲಿ ಹುಯ್ತಾ ಇರಿ, ಇನ್ನೊಬ್ಬರು ನಿಲ್ಲಿಸದೆ ತಿರುಗಿಸ್ತಾ ಇರಿ. ಪಕ್ಕದ ಒಲೇಲಿ ಒಂದು ಚೆಂಬು ಬಿಸಿನೀರು ಇರ್ಲಿ, ಗಟ್ಟಿಯಾದ್ರೆ ಅದನ್ನೇ ಹಾಕಿ, ತಣ್ಣೀರು ಹಾಕಿದ್ರೆ ಗಂಟು ಕಟ್ಟುತ್ತೆ. ಮೊದಲು ಸುಣ್ಣದ ಬಣ್ಣ ಇರುತ್ತೆ, ಬೇಯ್ತಾ ಬೇಯ್ತಾ ಗಾಜಿನ ಹಾಗೆ ಹೊಳಪು ಬರುತ್ತೆ. ಬೆಂತೋ ಇಲ್ವೋ ನೋಡೋಕೆ ಅಜ್ಜಿ ಹೀಗೆ ಮಾಡ್ತಾರೆ, ಬೆರಳು ನೀರಲ್ಲಿ ಅದ್ದಿ ಹಿಟ್ಟಿನ ಮೇಲೆ ಟಕ್ ಅಂತ ಮುಟ್ಟಿ ತಕ್ಷಣ ತೆಗೀತಾರೆ, ಬೆರಳಿಗೆ ಅಂಟದೆ ಇದ್ರೆ "ಇಳ್ಸೇ" ಅಂತಾರೆ, ಅಂಟಿದ್ರೆ ಮಾತೇ ಆಡಲ್ಲ, ಇನ್ನೈದು ನಿಮಿಷ ತಿರುಗಿಸ್ಬೇಕು ಅಂತ ನಮಗೇ ಗೊತ್ತಾಗುತ್ತೆ. ಹಸಿ ಉಳಿದ್ರೆ ಒಣಗಿದ್ಮೇಲೆ ಸಂಡಿಗೆ ಪುಡಿಪುಡಿ ಆಗ್ಬಿಡುತ್ತೆ. ನಿಂಬೆರಸ ಒಲೆ ಆರಿಸಿದ್ಮೇಲೇ ಹಿಂಡಿ, ಕುದಿಯೋವಾಗ ಹಾಕಿದ್ರೆ ಕಹಿ.

ಈಗ ಒಂದು ಐದು ನಿಮಿಷ ಮಕ್ಕಳಿಗೆ. ಸಂಡಿಗೆ ಹಿಟ್ಟಿನ ವಾಸನೆ ಮೂಗಿಗೆ ಬಿದ್ರೆ ಎಬ್ಬಿಸದೇ ಏಳ್ತಾವೆ, ತಟ್ಟೆ ಹಿಡ್ಕೊಂಡು ಅಡುಗೆಮನೆ ಬಾಗಿಲಲ್ಲಿ ಸಾಲಾಗಿ ನಿಂತಿರ್ತಾವೆ. ಒಂದೊಂದು ಸೌಟು ಬಿಸಿ ಹಿಟ್ಟು, ಮಧ್ಯೆ ಗುಳಿ ಮಾಡಿ ಒಂದು ಚಮಚ ತುಪ್ಪ, ತುಪ್ಪ ಕರಗಿ ಜೀರಿಗೆ ಸುತ್ತ ಹರಿಯುತ್ತೆ, ಆವತ್ತು ಮೂರೂ ಮನೆ ತಿಂಡಿ ಅದೇ. ದೊಡ್ಡೋರೂ ನಿಂತ್ಕೊಂಡೇ ತಿಂತೀವಿ. ಮೇಲಿನ ಮನೆ ಹುಡುಗಿ ಗಂಡ ಎರಡನೇ ಸಲ ತಟ್ಟೆ ಚಾಚಿದಾಗ ಅಜ್ಜಿ "ತಿನ್ನಪ್ಪ ತಿನ್ನು, ಒತ್ತೋಕೆ ಶಕ್ತಿ ಬೇಕು" ಅಂತ ಇನ್ನೊಂದು ಸೌಟು ಹಾಕಿದ್ರು.

ಒತ್ತೋದು ಟೆರೇಸ್ ಮೇಲೆ. ಹೊಸ ಪ್ಲಾಸ್ಟಿಕ್ ಶೀಟ್ ಕೊಳ್ಳೋಕೆ ಹೋಗ್ಬೇಡಿ, ಬಿಸಿ ಹಿಟ್ಟಿಗೆ ಅದು ನನಗೆ ಇಷ್ಟ ಇಲ್ಲ, ಹಳೇ ಕಾಟನ್ ಪಂಚೆ, ಹಳೇ ಕಾಟನ್ ಸೀರೆ ಚೆನ್ನಾಗಿ ಒಗೆದಿದ್ದು ಇದ್ರೆ ಅದೇ ಬೆಸ್ಟು. ನೆಲ ಗುಡಿಸಿ, ಚಾಪೆ ಹಾಸಿ, ಅದರ ಮೇಲೆ ಪಂಚೆ ಒದ್ದೆ ಮಾಡಿ ಹಿಂಡಿ ಹಾಸಿ, ನಾಲ್ಕು ಮೂಲೆಗೂ ಕಲ್ಲಿಡಿ. ಚಕ್ಕುಲಿ ಒರಳಿಗೆ ಒಳಗಡೆ ನೀರು ಸವರಿ ಹಿಟ್ಟು ತುಂಬಿ ಒತ್ತಿ, ದಬರಿಗೆ ಮುಚ್ಚಳ ಹಾಕೇ ಇಡಿ. ಒಂಬತ್ತು ಗಂಟೆ ಒಳಗೆ ಒತ್ತೋದು ಮುಗಿದ್ರೆ ಆವತ್ತಿನ ಬಿಸಿಲು ಪೂರ್ತಿ ಸಿಗುತ್ತೆ. ಕಾಗೆ, ಪಾರಿವಾಳ ಕಾಯೋ ಡ್ಯೂಟಿ ಮಕ್ಕಳದ್ದು, ನೀರಿನ ಟ್ಯಾಂಕ್ ನೆರಳಲ್ಲಿ ಕೇರಂ ಬೋರ್ಡ್ ಇಟ್ಕೊಂಡು ಕೂತಿರ್ತಾವೆ. ಮಧ್ಯಾಹ್ನದ ಹೊತ್ತಿಗೆ ಮೇಲೆ ಗರಿಗರಿ ಒಳಗೆ ಮೆತ್ತಗೆ ಇರೋ ಸಂಡಿಗೆ ಒಂದೊಂದೇ ಮಾಯ ಆಗ್ತಾ ಇರುತ್ತೆ, ನೋಡಿದ್ರೂ ಸುಮ್ನಿರಿ, ಅದಕ್ಕೇ ಅಂತಾನೇ ಒಂದು ಸಾಲು ಜಾಸ್ತಿ ಒತ್ತಿರಿ.

ಸಾಯಂಕಾಲ ಬಟ್ಟೆ ಸಮೇತ ಒಳಗೆ ತನ್ನಿ. ಬಟ್ಟೆ ತಿರುಗಿಸಿ ಹಿಂದಿನಿಂದ ಸ್ವಲ್ಪ ನೀರು ಚಿಮುಕಿಸಿ ಎರಡು ನಿಮಿಷ ಬಿಟ್ರೆ ಸಂಡಿಗೆ ತಾನಾಗೇ ಬಿಟ್ಕೊಳುತ್ತೆ, ಎಳೆದ್ರೆ ಮುರಿಯುತ್ತೆ. ಮಾರನೇ ದಿನದಿಂದ ಮೊರದಲ್ಲಿ, ತಟ್ಟೇಲಿ ಹರಡಿ ಇನ್ನೆರಡು ಮೂರು ದಿನ ಒಣಗಿಸಿ. ಮುರಿದಾಗ ಪಟ್ ಅಂತ ಸದ್ದು ಬರ್ಬೇಕು. ಆದ್ರೂ ಒಂದು ಕರಿದು ನೋಡಿ, ಮಧ್ಯೆ ಗಟ್ಟಿ ಉಳಿದ್ರೆ ಇನ್ನೊಂದು ಬಿಸಿಲು ಬೇಕು.

ಎರಡನೇ ದಿನ ಬೂದುಗುಂಬಳದ ಅರಳು ಸಂಡಿಗೆ. ದೇವರಾಜ ಮಾರ್ಕೆಟ್‌ನಿಂದ ಒಂದೇ ಒಂದು ದೊಡ್ಡ ಕಾಯಿ ತಂದ್ರೆ ಸಾಕು, ಅರ್ಧ ಸಂಡಿಗೆಗೆ, ಇನ್ನರ್ಧ ಮೂರು ಮನೆಗೂ ಮಧ್ಯಾಹ್ನದ ಮಜ್ಜಿಗೆಹುಳಿಗೆ. ಸಂತೆಪೇಟೆಲಿ ಭತ್ತದ ಅರಳು ತಂದು ಹೊಟ್ಟು ಆರಿಸೋ ಕೆಲಸ ಅಜ್ಜಿಗೆ ಕೊಡಿ, ಕೂತಲ್ಲೇ ಆಗುತ್ತೆ, ಪಕ್ಕದಲ್ಲಿ ಯಾರಾದ್ರೂ ಕೂತ್ರೆ ಹಳೇ ಮೈಸೂರಿನ ಕತೆಯೆಲ್ಲ ಹೊರಗೆ ಬರುತ್ತೆ. ಕಾಯಿ ತುರಿದು, ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿ. ಆ ನೀರು ಚೆಲ್ಬೇಡಿ, ಮಜ್ಜಿಗೆಹುಳಿಗೆ ಹಾಕಿ, ಅದರಲ್ಲಿ ಉಪ್ಪು ಇರೋದ್ರಿಂದ ಹುಳಿಗೆ ಉಪ್ಪು ನೋಡ್ಕೊಂಡು ಹಾಕಿ. ತುರಿಗೆ ಅರೆದ ಮೆಣಸಿನಕಾಯಿ, ಇಂಗು, ಬಿಳಿ ಎಳ್ಳು ಕಲಸಿ, ಎಷ್ಟು ಹಿಡಿಯುತ್ತೋ ಅಷ್ಟು ಅರಳು ಸೇರಿಸಿ, ಹಿಸುಕದೆ ಹಗುರವಾಗಿ ಚಿಕ್ಕ ಚಿಕ್ಕ ಉಂಡೆ ಇಡಿ. ಇದು ಒಣಗೋಕೆ ನಾಲ್ಕೈದು ದಿನ ಬೇಕೇ ಬೇಕು.

ಪಾಲು ಹಂಚೋದು ಪೂರ್ತಿ ಒಣಗಿದ್ಮೇಲೆ, ಸೇರಲ್ಲಿ ಅಳೆದು. ಮುರಿದಿದ್ದನ್ನ ಮೊದಲೇ ಬೇರೆ ಮಾಡಿ ಅದನ್ನೂ ಮೂರು ಪಾಲು ಮಾಡಿ. ಒಂದು ಸಲ ಮುರಿದಿದ್ದೆಲ್ಲ ನಾನೇ ಇಟ್ಕೊತೀನಿ ಅಂದಿದ್ದಕ್ಕೆ ಅಜ್ಜಿ ಬಿಡ್ಲೇ ಇಲ್ಲ, "ಸಂಡಿಗೆ ಮುರಿದ್ರೆ ರುಚಿನೂ ಮುರಿಯುತ್ತೇನೇ, ತಾ ಇಲ್ಲಿ ನನ್ನ ಪಾಲು" ಅಂದ್ರು. ಮೊಸರನ್ನಕ್ಕೆ ಆ ಚೂರೇ ಚೆನ್ನ.

ಕರಿಯೋಕೆ ದೊಡ್ಡ ಬಾಣಲೆ ಬೇಡ, ಚಿಕ್ಕದ್ರಲ್ಲಿ ಸ್ವಲ್ಪ ಎಣ್ಣೆ ಸಾಕು, ಒಂದು ಚೂರು ಹಾಕಿದ್ರೆ ತಕ್ಷಣ ಮೇಲೆ ಬರ್ಬೇಕು, ಆಗ ಎರಡು ಮೂರರ ಹಾಗೆ ಕರೀರಿ. ಉಳಿದ ಎಣ್ಣೆ ಒಗ್ಗರಣೆಗೆ ಆವತ್ತೋ ಮಾರನೇ ದಿನಾನೋ ಖಾಲಿ ಮಾಡಿ. ಡಬ್ಬ ಸ್ಟೀಲಿಂದಾಗ್ಲಿ, ಒದ್ದೆ ಕೈ ಹಾಕ್ಬೇಡಿ. ದಸರಾ ರಜೇಲಿ ಮಳೆ ಬಿಟ್ಟು ಒಂದು ಒಳ್ಳೆ ಬಿಸಿಲು ಬಂದ ದಿನ ಮೂರು ಮನೆ ಡಬ್ಬನೂ ಟೆರೇಸ್‌ಗೆ ತಂದು ಇನ್ನೊಂದು ಸಲ ಹರಡಿ, ಮುಂದಿನ ಶಿವರಾತ್ರಿ ತನಕ ಹುಳ ಬೀಳಲ್ಲ.